ಊದುವವರಿಲ್ಲದ ಓಲಗ

ಮದುವೆಯ ಚಪ್ಪರದಲ್ಲಿ ನಾದಸ್ವರ ಕೇಳಿಸುತ್ತದೆ, ಊದುವವರು ಕಾಣಿಸುವುದಿಲ್ಲ. ಧಾರೆಯ ಹೊತ್ತಿಗೆ ಗಟ್ಟಿಮೇಳ ಮೊಳಗುತ್ತದೆ. ಡೋಲು ಬಾರಿಸುವ ಕೈ ಎಲ್ಲಿಯೂ ಇಲ್ಲ. ಮೂಲೆಯಲ್ಲಿ ಒಂದು ಧ್ವನಿವರ್ಧಕ, ಅದರ ಬಳಿ ಮೊಬೈಲ್ ಹಿಡಿದು ನಿಂತ ಒಬ್ಬ ಹುಡುಗ. ಪ್ರಿಯ ಓದುಗರೇ, ಗೌರಿಬಿದನೂರು ತಾಲ್ಲೂಕಿನ ನಗರಗೆರೆಯ ಕಡೆ ಹೋಗಿ, ಚಿಂತಾಮಣಿ, ಶಿಡ್ಲಘಟ್ಟಗಳ ಕಲ್ಯಾಣ ಮಂಟಪಗಳಿಗೆ ಹೋಗಿ, ಈ ನೋಟ ನಿಮಗೆ ಹೊಸದೆನಿಸಲಾರದು. ವಧೂವರರನ್ನು ಹರಸಿ, ಊಟ ಮುಗಿಸಿ ಮನೆಗೆ ಬರುತ್ತೇವೆ. ಆ ನಾದ ಯಾರದು ಎಂದು ನಮ್ಮಲ್ಲಿ ಒಬ್ಬರೂ ಕೇಳುವುದಿಲ್ಲ. ಈ ತಿಂಗಳು ನಿಮ್ಮೊಂದಿಗೆ ಕೂತು ಆಲೋಚಿಸಬೇಕೆಂದಿರುವುದು ಆ ಕೇಳದ ಪ್ರಶ್ನೆಯನ್ನೇ. ಒಬ್ಬ ಮನುಷ್ಯನ ಉಸಿರಿನಿಂದ, ಕೈಯಿಂದ ಹುಟ್ಟಿದ ನಾದವನ್ನು ಬೆಲೆ ಕೊಟ್ಟು ಕೊಂಡುಕೊಂಡರೆ ಆ ಮನುಷ್ಯನ ಋಣ ತೀರಿತೇ?

ಧ್ವನಿಯನ್ನು ಮನುಷ್ಯನಿಂದ ಬೇರ್ಪಡಿಸಿ ತೆಗೆದಿಡುವ ವಿದ್ಯೆ ನಮ್ಮ ದೇಶದಲ್ಲಿ ಬೇರೂರಿ ನೂರಿಪ್ಪತ್ತು ವರ್ಷಗಳು ಮೀರಿವೆ. 1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬವರು ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಸುಮಾರು ಮೂರು ನಿಮಿಷಗಳ ಹಾಡು ಮುಗಿಯುತ್ತಿದ್ದಂತೆ ಆಕೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿಬಿಡುತ್ತಿದ್ದರು. ಆಗ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್ ನಗರದಲ್ಲಿ. ಯಾವ ತಟ್ಟೆ ಯಾರದೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಬೇಕಾಗಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿಯೇ ಕಾರ್ಖಾನೆ ಆರಂಭವಾಯಿತು. ಗೌಹರ್ ಜಾನ್ ಬಾಳಿನ ಕಡೆಯ ದಿನಗಳಲ್ಲಿ ನಮ್ಮ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಇಂದಿಗೂ ಆ ತಟ್ಟೆಗಳನ್ನು ಹಾಕಿದರೆ ಹಾಡಿನ ಕೊನೆಗೆ ಆಕೆಯ ಹೆಸರು ಆಕೆಯ ಬಾಯಿಂದಲೇ ಕೇಳಿಸುತ್ತದೆ. ಈ ಹೆಸರಿನ ಸಂಗತಿ ನಿಮ್ಮ ನೆನಪಿನಲ್ಲಿರಲಿ. ಮುಂದೆ ನಮಗೆ ಬೇಕಾಗುತ್ತದೆ.

ತಟ್ಟೆಯ ನಂತರ ಕ್ಯಾಸೆಟ್ ಬಂತು. 1978ರಲ್ಲಿ ಕವಿ ನಿಸಾರ್ ಅಹಮದ್ ಅವರ ಗೀತೆಗಳು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ‘ನಿತ್ಯೋತ್ಸವ’ ಎಂಬ ಕ್ಯಾಸೆಟ್ಟಾಗಿ ಹೊರಬಂದು ಮನೆಮನೆಯನ್ನು ತಲುಪಿದುದನ್ನು ನಮ್ಮ ಹಿರಿಯರು ಮರೆತಿಲ್ಲ. ಭಕ್ತಿಗೀತೆ, ಜನಪದಗೀತೆ, ನಮ್ಮ ದೇವಾಲಯಗಳ ಸ್ತುತಿಗೀತೆಗಳೂ ಅದೇ ಹಾದಿಯಲ್ಲಿ ಬಂದವು. ಇಷ್ಟರವರೆಗೆ ಮುದ್ರಣವೆಂದರೆ ಒಂದು ಇಡೀ ಹಾಡಿನ ಮುದ್ರಣ. ಹಾಡಿದವರು ಹಾಡಿದ್ದನ್ನು ಹಾಡಿದಂತೆಯೇ ನಾವು ಕೇಳುತ್ತಿದ್ದೆವು.

ಈಗ ನಡೆಯುತ್ತಿರುವುದು ಬೇರೆ. ಒಂದು ವಾದ್ಯದ ಒಂದೊಂದು ಸ್ವರವನ್ನೂ ಬಿಡಿಬಿಡಿಯಾಗಿ ನುಡಿಸಿ ಮುದ್ರಿಸಿಕೊಳ್ಳುತ್ತಾರೆ. ಅದೇ ಸ್ವರವನ್ನು ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ನುಡಿಸಿದ್ದು ಬೇರೆಬೇರೆ. ಯಂತ್ರದ ನುಡಿಯೆಂದು ಕಿವಿಗೆ ಗೊತ್ತಾಗದಿರಲೆಂದು ಒಂದೇ ಪೆಟ್ಟನ್ನು ನಾಲ್ಕಾರು ಸಲ ಹೊಡೆದದ್ದೂ ಬೇರೆಬೇರೆ. ಸಿ.ಡಿ.ಯ ಗುಣಮಟ್ಟದಲ್ಲಿ ಒಂದು ಸೆಕೆಂಡಿನ ಧ್ವನಿ 44,100 ಅಂಕಿಗಳಾಗಿ ಕಂಪ್ಯೂಟರಿನೊಳಗೆ ಕುಳಿತುಕೊಳ್ಳುತ್ತದೆ. ಇಂಥ ಸಾವಿರಾರು ತುಣುಕುಗಳ ಕಣಜಕ್ಕೆ ಸ್ಯಾಂಪಲ್ ಲೈಬ್ರರಿ ಎಂದು ಹೆಸರು. ಸಂಗೀತ ತಂತ್ರಾಂಶವೊಂದನ್ನು ತೆರೆದು, ಕೀಬೋರ್ಡಿನ ಒಂದು ಮಣೆಯನ್ನು ಒತ್ತಿದರೆ ಸಾಕು, ಎಂದೋ ಎಲ್ಲಿಯೋ ಯಾರೋ ಊದಿದ ಉಸಿರು ಇಲ್ಲಿ ಎದ್ದು ಬರುತ್ತದೆ. ಇಂಗ್ಲೆಂಡಿನಲ್ಲಿ 1963ರಲ್ಲಿ ಮಾರುಕಟ್ಟೆಗೆ ಬಂದ ಮೆಲ್ಲೋಟ್ರಾನ್ ಎಂಬ ವಾದ್ಯದಲ್ಲಿ ಪ್ರತಿ ಮಣೆಗೂ ಒಂದೊಂದು ಟೇಪಿನ ತುಂಡನ್ನು ಕಟ್ಟಿದ್ದರು. ಸುಮಾರು ಎಂಟು ಸೆಕೆಂಡುಗಳಾದರೆ ಟೇಪು ಮುಗಿಯುತ್ತಿತ್ತು. 1979ರಲ್ಲಿ ಆಸ್ಟ್ರೇಲಿಯಾದ ಫೇರ್‌ಲೈಟ್ ಯಂತ್ರ ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡಿತು. ಆಗ ಶ್ರೀಮಂತ ಸ್ಟುಡಿಯೋಗಳಿಗಷ್ಟೇ ಎಟುಕುತ್ತಿದ್ದ ಈ ಶಕ್ತಿ ಇಂದು ಕಾಲೇಜು ಹುಡುಗನ ಲ್ಯಾಪ್‌ಟಾಪಿನಲ್ಲಿದೆ. ನಮ್ಮ ತಬಲ, ಸಿತಾರ್, ಮೃದಂಗಗಳ ಕಣಜಗಳನ್ನು ಸ್ವಿಟ್ಜರ್ಲೆಂಡಿನ ಕಂಪನಿಯೊಂದು ಸಿದ್ಧಪಡಿಸಿ ಮಾರುತ್ತಿದೆ.

ಇದನ್ನೆಲ್ಲ ಹೇಳುತ್ತಿರುವುದು ಯಂತ್ರವನ್ನು ಶಪಿಸುವುದಕ್ಕಲ್ಲ. ಬೆಂಗಳೂರಿನ ಎಂಜಿನಿಯರ್ ಜಿ. ರಾಜ್ ನಾರಾಯಣ್ ಅವರು ಸ್ವತಃ ಕೊಳಲು ನುಡಿಸುವವರು. 1970ರ ದಶಕದ ಕೊನೆಯಲ್ಲಿ ಅವರು ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ತಂಬೂರಿ ಮೀಟುವವರನ್ನು ಜೊತೆಗಿಟ್ಟುಕೊಳ್ಳಲಾಗದ ಎಷ್ಟೋ ವಿದ್ಯಾರ್ಥಿಗಳಿಗೆ ಆ ಪುಟ್ಟ ಪೆಟ್ಟಿಗೆಯಿಂದ ಮನೆಯಲ್ಲಿಯೇ ಶ್ರುತಿ ದೊರಕಿತು. ಗ್ರಾಮದ ಬಡ ಹುಡುಗಿಯೊಬ್ಬಳು ತಾನು ಕಟ್ಟಿದ ಹಾಡಿಗೆ ಇಂದು ಇಡೀ ವಾದ್ಯವೃಂದವನ್ನು ಜೋಡಿಸಬಲ್ಲಳು. ಸ್ಟುಡಿಯೋದ ಬಾಡಿಗೆಗೆ ಹಣವಿಲ್ಲದ ಸಣ್ಣ ಧರ್ಮಕೇಂದ್ರವೊಂದು ಕ್ರಿಸ್ತಜಯಂತಿಯ ಗೀತೆಗಳನ್ನು ತಾನೇ ಮುದ್ರಿಸಿಕೊಳ್ಳಬಲ್ಲದು. ಬಾಗಿಲು ಮುಚ್ಚಿದ್ದವರಿಗೆ ಬಾಗಿಲು ತೆರೆದದ್ದು ಒಳ್ಳೆಯದೇ. ಆದರೆ ಒಂದು ಒಳಿತು ಬಂದಾಗ ಅದರ ಬೆಲೆಯನ್ನು ತೆತ್ತವರು ಯಾರು ಎಂದು ವಿಚಾರಿಸುವುದು ನ್ಯಾಯಬುದ್ಧಿಯ ಲಕ್ಷಣ.

ಬೆಲೆಯ ಮಾತನ್ನು ನಮ್ಮ ಸೀಮೆಯ ಉದಾಹರಣೆಯಿಂದಲೇ ನೋಡೋಣ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ರೈತ ಗೂಡು ತರುತ್ತಾನೆ. ಹರಾಜು ನಡೆಯುತ್ತದೆ, ಹಣ ಕೈಗೆ ಬರುತ್ತದೆ. ಗೂಡು ಒಮ್ಮೆ ಮಾರಾಟವಾಗಿ ಒಮ್ಮೆ ನೂಲಾಗುತ್ತದೆ. ಮರುತಿಂಗಳು ಸೀರೆ ಬೇಕೆಂದವರು ಮತ್ತೆ ರೈತನ ಬಳಿಗೇ ಬರಬೇಕು. ಆದ್ದರಿಂದ ಒಂದು ಗೂಡಿಗೆ ಒಂದು ಬೆಲೆ ಎಂಬುದು ನ್ಯಾಯವೆನಿಸುತ್ತದೆ. ಆದರೆ ಒಮ್ಮೆ ನೂಲು ತೆಗೆದ ಗೂಡೇ ಸಾವಿರ ಸಲ, ಲಕ್ಷ ಸಲ ನೂಲು ಕೊಡುತ್ತಾ, ಎಳ್ಳಷ್ಟೂ ಸವೆಯದೆ ಉಳಿಯುವಂತಿದ್ದರೆ? ರೈತನಿಗೆ ಒಂದು ದಿನದ ಬೆಲೆ ಕೊಟ್ಟು, ಮುಂದೆಂದೂ ಅವನ ಹೊಲದ ಕಡೆಗೆ ತಲೆಹಾಕದಿದ್ದರೆ? ಮುದ್ರಿತ ನಾದ ಅಂಥ ಗೂಡು. ವಾದ್ಯಗಾರ ಒಂದು ದಿನ ಬಂದು ನುಡಿಸಿ, ಒಂದು ದಿನದ ಕೂಲಿ ಪಡೆದು ಹೋಗುತ್ತಾನೆ. ಅವನ ನಾದವನ್ನು ಕೊಂಡವರು ಅದನ್ನು ಎಷ್ಟು ಹಾಡುಗಳಿಗೆ ಬೇಕಾದರೂ ಬಳಸಬಹುದು. ಬಳಸಿದ ಪ್ರತಿ ಹಾಡೂ ಅವನನ್ನು ಕರೆಯಬೇಕಾಗಿದ್ದ ಒಂದು ಸಂದರ್ಭವನ್ನು ಅಳಿಸಿಹಾಕುತ್ತದೆ. ತನ್ನ ದುಡಿಮೆಯೇ ತನ್ನ ದುಡಿಮೆಗೆ ಎದುರಾಳಿಯಾಗಿ ನಿಲ್ಲುವ ಇಂಥ ಸ್ಥಿತಿ ರೈತನಿಗಾಗಲಿ ನೇಕಾರನಿಗಾಗಲಿ ಒದಗಿದ್ದಿಲ್ಲ.

ಇದು ಬರೀ ಊಹೆಯಲ್ಲ. 1969ರಲ್ಲಿ ಅಮೆರಿಕದ ‘ದಿ ವಿನ್‌ಸ್ಟನ್ಸ್’ ಎಂಬ ತಂಡ ‘ಆಮೆನ್, ಬ್ರದರ್’ ಎಂಬ ತಟ್ಟೆಯನ್ನು ಹೊರತಂದಿತು. ಅದರ ನಡುವೆ ಗ್ರೆಗರಿ ಕೋಲ್ಮನ್ ಎಂಬ ಕಪ್ಪು ಜನಾಂಗದ ವಾದ್ಯಗಾರರು ಸುಮಾರು ಏಳು ಸೆಕೆಂಡುಗಳ ಕಾಲ ಒಬ್ಬರೇ ಡ್ರಮ್ ನುಡಿಸಿದ್ದಾರೆ. 1980ರ ದಶಕದಲ್ಲಿ ಸ್ಯಾಂಪಲರ್ ಯಂತ್ರಗಳು ಅಗ್ಗವಾದಾಗ ಆ ಏಳು ಸೆಕೆಂಡುಗಳನ್ನು ಕತ್ತರಿಸಿ ತೆಗೆದರು. ಅಂದಿನಿಂದ ಸಾವಿರಾರು ಹಾಡುಗಳಲ್ಲಿ, ಜಾಹೀರಾತುಗಳಲ್ಲಿ ಅದು ಮೊಳಗಿದೆ; ಇಂಗ್ಲೆಂಡಿನಲ್ಲಿ ಒಂದು ಸಂಗೀತ ಪ್ರಕಾರವೇ ಅದರ ಮೇಲೆ ನಿಂತಿತು. ಕೋಲ್ಮನ್ ಅವರಿಗೆ ಅದರಿಂದ ಒಂದು ಕಾಸೂ ಬರಲಿಲ್ಲ. 2006ರಲ್ಲಿ ಅವರು ಅಟ್ಲಾಂಟಾ ನಗರದಲ್ಲಿ ಮನೆಯಿಲ್ಲದ ಬಡವರಾಗಿ ತೀರಿಹೋದರು. 2015ರಲ್ಲಿ ಇಂಗ್ಲೆಂಡಿನ ಸಂಗೀತಪ್ರಿಯರು ತಾವೇ ಚಂದಾ ಎತ್ತಿ, ಸುಮಾರು 24,000 ಪೌಂಡುಗಳನ್ನು ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೆ ಒಪ್ಪಿಸಿದರು. ಯಾವ ನ್ಯಾಯಾಲಯವೂ ಆಜ್ಞೆ ಮಾಡಿರಲಿಲ್ಲ. ಕೇಳಿದ ಕಿವಿಗಳಿಗೆ ತಾವು ಸಾಲಗಾರರೆಂಬುದು ತಿಳಿದಿತ್ತು. ಕೋಲ್ಮನ್ ಮಾತ್ರ ಅದನ್ನು ನೋಡಲು ಇರಲಿಲ್ಲ. ‘ಆಮೆನ್’ ಎಂಬುದು ನಾವು ಪ್ರಾರ್ಥನೆಯ ಕೊನೆಗೆ ಹೇಳುವ ಮಾತು. ಹಾಗೆಯೇ ಆಗಲಿ ಎಂದು ಅದರರ್ಥ. ಆ ಹೆಸರಿನ ಹಾಡಿನಲ್ಲಿಯೇ ಇಂಥದು ನಡೆದುಹೋದದ್ದು ನನ್ನ ಮನಸ್ಸನ್ನು ಬಹಳ ಸಲ ಚುಚ್ಚಿದೆ.

‘ಒಪ್ಪಿಕೊಂಡೇ ನುಡಿಸಿದನಲ್ಲ, ಹೇಳಿದ ಹಣ ಕೊಟ್ಟೆವಲ್ಲ’ ಎಂದು ಕಂಪನಿಗಳು ಹೇಳಬಹುದು. ಈ ಮಾತಿಗೆ ಧರ್ಮಸಭೆ ಬಹು ಹಿಂದೆಯೇ ಉತ್ತರ ಕೊಟ್ಟಿದೆ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ಕಾರ್ಮಿಕರನ್ನು ಕುರಿತು ಬರೆದ ವಿಶ್ವಪತ್ರದಲ್ಲಿ, ಇಬ್ಬರೂ ಒಪ್ಪಿದರೆಂಬ ಒಂದೇ ಕಾರಣಕ್ಕೆ ಕೂಲಿ ನ್ಯಾಯವಾಗುವುದಿಲ್ಲ ಎಂಬುದನ್ನು ಸ್ಪಷ್ಟಪಡಿಸಿದರು. ಹಸಿದವನು ಏನು ಕೊಟ್ಟರೂ ಒಪ್ಪುತ್ತಾನೆ; ಆ ಒಪ್ಪಿಗೆಯಲ್ಲಿ ಬಲವಂತ ಅಡಗಿದೆ. ನಮ್ಮ ದೇಶದ ಕಾನೂನೂ ನಿಧಾನವಾಗಿ ಈ ಕಡೆಗೆ ಹೆಜ್ಜೆ ಹಾಕಿದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಕಲಾಪ್ರದರ್ಶಕರ ಹಕ್ಕು ಸೇರಿತು. 2012ರ ತಿದ್ದುಪಡಿಯು ಗೀತರಚನಕಾರರು ಮತ್ತು ಸಂಗೀತ ಸಂಯೋಜಕರು ತಮ್ಮ ಗೌರವಧನದ ಪಾಲನ್ನು ಬರೆದುಕೊಟ್ಟು ಕಳೆದುಕೊಳ್ಳದಂತೆ ಕಾಪಾಡಿತು. ವಾಣಿಜ್ಯ ಬಳಕೆಯಲ್ಲಿ ಕಲಾಪ್ರದರ್ಶಕರಿಗೂ ಪಾಲಿದೆಯೆಂದಿತು. ಆದರೆ ಕಾನೂನು ಕೈಗೆಟುಕುವುದು ಕಾಗದ ಪತ್ರ ಇಟ್ಟುಕೊಂಡವರಿಗೆ. ಒಂದು ಮಧ್ಯಾಹ್ನ ಬಂದು ಡೋಲು ಬಾರಿಸಿ ಬಸ್ಸು ಹತ್ತಿದ ಹಳ್ಳಿಯ ವಾದ್ಯಗಾರನ ಬಳಿ ಯಾವ ಪತ್ರವಿದೆ? 2024ರ ಜೂನ್‌ನಲ್ಲಿ ಅಮೆರಿಕದ ದೊಡ್ಡ ಧ್ವನಿಮುದ್ರಣ ಕಂಪನಿಗಳು, ಕೃತಕ ಬುದ್ಧಿಮತ್ತೆಯಿಂದ ಹಾಡು ತಯಾರಿಸುವ ಎರಡು ಸಂಸ್ಥೆಗಳ ಮೇಲೆ ಮೊಕದ್ದಮೆ ಹೂಡಿದವು. ತಮ್ಮ ಮುದ್ರಣಗಳನ್ನು ಅಪ್ಪಣೆಯಿಲ್ಲದೆ ಯಂತ್ರಕ್ಕೆ ಕಲಿಸಿದ್ದಾರೆ ಎಂಬುದು ದೂರು. ಮುಂದೆ ಅವುಗಳಲ್ಲಿ ಕೆಲವು ವ್ಯಾಜ್ಯಗಳು ಒಪ್ಪಂದದಲ್ಲಿ ಮುಗಿದವು. ನಮ್ಮದನ್ನು ಕೇಳದೆ ಏಕೆ ತೆಗೆದುಕೊಂಡಿರಿ ಎಂದು ಅಂದು ಬಲಿಷ್ಠರು ಕೇಳಿದ ಪ್ರಶ್ನೆ ಬಡ ವಾದ್ಯಗಾರನ ಮನೆಯಲ್ಲಿ ಎಷ್ಟೋ ಕಾಲದಿಂದ ಇದ್ದದ್ದೇ. ಅದನ್ನು ಅವನು ಕೇಳಬಲ್ಲ ಬಾಗಿಲು ಇರಲಿಲ್ಲ.

ಕೂಲಿಗಿಂತ ಆಳವಾದದ್ದು ಹೆಸರು. ಗೌಹರ್ ಜಾನ್ ತಮ್ಮ ಹೆಸರನ್ನು ತಾವೇ ಕೂಗಿ ಉಳಿಸಿಕೊಂಡರು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಗಾಯಕರ ಹೆಸರು ದಪ್ಪಕ್ಷರದಲ್ಲಿರುತ್ತಿತ್ತು; ಕೊಳಲು ಊದಿದವರ ಹೆಸರು ಅಪರೂಪ. ಸ್ಯಾಂಪಲ್ ಕಣಜದಲ್ಲಿಯಂತೂ ಎಷ್ಟೋ ಕಡೆ ಉಳಿದಿರುವುದು ವಾದ್ಯದ ಹೆಸರು, ಅದರ ಮುಂದೆ ಒಂದು ಅಂಕಿ. ಬಾರಿಸಿದವನು ಆ ಅಂಕಿಯೊಳಗೆ ಕರಗಿಹೋಗಿರುತ್ತಾನೆ.

ಇಲ್ಲಿ ನಮ್ಮ ಸೀಮೆಯ ತಮಟೆಯನ್ನು ನೆನೆಯದಿರಲು ಸಾಧ್ಯವಿಲ್ಲ. ಬಳೆಗೆ ಬಿಗಿದ ಚರ್ಮ, ಎರಡು ಕಡ್ಡಿಗಳು. ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸಿದರೆ ಬರುವ ಆ ಖಣಿ ಖಣಿ ದನಿ. ಜಾತ್ರೆಗೆ ಅದು ಬೇಕು, ಮೆರವಣಿಗೆಗೆ ಬೇಕು, ಸಾವಿನ ಮನೆಗೂ ಬೇಕು. ಆದರೆ ಬಾರಿಸುತ್ತಿದ್ದ ದಲಿತ ಮನುಷ್ಯ ಹೊಸ್ತಿಲಿನ ಹೊರಗೇ ನಿಲ್ಲಬೇಕಾಗಿತ್ತು. ಅವನ ದನಿ ಗರ್ಭಗುಡಿಯವರೆಗೆ ಹೋಗುತ್ತಿತ್ತು. ಅವನಿಗೆ ಅಂಗಳವೇ ಕೊನೆ. ದನಿ ಬೇಕು, ಮನುಷ್ಯ ಬೇಡ ಎಂಬ ಈ ಪಾಪ ಬಹಳ ಹಳೆಯದು. ಈಗ ಯೋಚಿಸಿ: ಅದೇ ತಮಟೆಯ ದನಿಯನ್ನು ಕಂಪ್ಯೂಟರಿನಿಂದ ಎತ್ತಿ ಸಿನಿಮಾ ಹಾಡಿಗೆ, ಹಬ್ಬದ ಡಿ.ಜೆ.ಗೆ ಸುರಿದಾಗ ನಾವು ಹಳೆಯ ಪಾಪದಿಂದ ಹೊರಗೆ ಬಂದೆವೇ, ಇನ್ನೂ ಒಳಕ್ಕೆ ಹೋದೆವೇ? ಮೊದಲು ಅವನು ಹೊರಗಾದರೂ ನಿಂತಿರುತ್ತಿದ್ದ, ಕಣ್ಣಿಗೆ ಬೀಳುತ್ತಿದ್ದ, ನಮ್ಮ ಮನಸ್ಸಾಕ್ಷಿ ಎಂದಾದರೊಂದು ದಿನ ಎಚ್ಚರಗೊಳ್ಳುವ ಸಾಧ್ಯತೆ ಇತ್ತು. ಈಗ ಹೊರಗೆ ನಿಲ್ಲುವ ಅಗತ್ಯವೂ ಅವನಿಗಿಲ್ಲದಂತೆ ಮಾಡಿದ್ದೇವೆ.

ಇದಕ್ಕೆ ಒಂದು ಗಟ್ಟಿಯಾದ ಮರುಮಾತಿದೆ. ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ತಮಟೆ ಬಾರಿಸುವುದು ಎಷ್ಟೋ ಊರುಗಳಲ್ಲಿ ಕಲೆಯಾಗಿರಲಿಲ್ಲ, ಬಿಟ್ಟಿ ಚಾಕರಿಯಾಗಿತ್ತು. ‘ನನ್ನ ಮಗ ತಮಟೆ ಮುಟ್ಟಬಾರದು, ಶಾಲೆಗೆ ಹೋಗಬೇಕು’ ಎಂದು ಹಟ ಹಿಡಿದ ತಂದೆಯಂದಿರ ಸ್ವಾಭಿಮಾನಕ್ಕೆ ನಾವು ತಲೆಬಾಗಲೇಬೇಕು. ಓಲಗದ ನಾದಸ್ವರಕ್ಕೂ ಸವಿತಾ ಸಮಾಜದ ಮನೆತನಗಳಲ್ಲಿ ಇಂಥ ನೋವಿನ ನೆನಪುಗಳುಂಟು. ಹಾಗಾದರೆ ಯಂತ್ರ ಬಂದು ಆ ಮಕ್ಕಳನ್ನು ಬಿಡುಗಡೆ ಮಾಡಿದ್ದು ಒಳ್ಳೆಯದಲ್ಲವೇ? ಬಿಡುಗಡೆ ಒಳ್ಳೆಯದೇ. ಆದರೆ ವಾದ್ಯವನ್ನು ಕೆಳಗಿಡುವ ಸ್ವಾತಂತ್ರ್ಯ ವಾದ್ಯಗಾರನದು. ಅವನ ಕೈಯಿಂದ ಅದನ್ನು ಕಿತ್ತು ಅವನ ದನಿಯನ್ನು ಮಾತ್ರ ಇಟ್ಟುಕೊಳ್ಳುವ ಸ್ವಾತಂತ್ರ್ಯ ನಮಗೆ ಯಾರೂ ಕೊಟ್ಟಿಲ್ಲ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಹೋರಾಟದ ಹಾಡುಗಳ ಜೊತೆಗೆ ಅದೇ ತಮಟೆ ಆತ್ಮಗೌರವದ ದನಿಯಾಗಿ ಮೊಳಗಿತು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದದ್ದು ತಮಟೆಗಾಗಿಯೇ. ದೇಶ ಅಂದು ಗೌರವಿಸಿದ್ದು ಹೆಸರುಳ್ಳ, ಊರುಳ್ಳ, ಮುಖವುಳ್ಳ ಒಬ್ಬ ಮನುಷ್ಯನನ್ನು. ಬಿಟ್ಟಿ ಚಾಕರಿಗೆ ಪರಿಹಾರ ಗೌರವದ ಕೂಲಿ ಮತ್ತು ಒಳಗೆ ಕರೆದು ಕೂರಿಸುವ ಕುರ್ಚಿ, ಧ್ವನಿವರ್ಧಕವಲ್ಲ.

ಕಡೆಯದಾಗಿ ಹಾಜರಿಯ ಮಾತು. ತಮಟೆಯವನು ಮೆರವಣಿಗೆಯನ್ನು ನೋಡಿ ಬಾರಿಸುತ್ತಾನೆ. ಮುದುಕಿಯೊಬ್ಬಳು ಹಿಂದೆ ಬಿದ್ದರೆ ಲಯ ತಗ್ಗುತ್ತದೆ, ಮಕ್ಕಳು ಕುಣಿಯತೊಡಗಿದರೆ ಏರುತ್ತದೆ. ಓಲಗದವನು ತಾಳಿ ಕಟ್ಟುವ ಕೈಯನ್ನು ನೋಡುತ್ತಾ ಊದುತ್ತಾನೆ. ಯಂತ್ರಕ್ಕೆ ಕಣ್ಣಿಲ್ಲ. ದೈವಾರಾಧನೆಯ ವಿಷಯದಲ್ಲಿ ಧರ್ಮಸಭೆ ಇದನ್ನು ಎಂದೋ ಗುರುತಿಸಿತ್ತು. 1958ರಲ್ಲಿ ರೋಮಿನಿಂದ ಹೊರಟ ಪವಿತ್ರ ಸಂಗೀತದ ಸೂಚನೆಯು ಪೂಜಾವಿಧಿಗಳಲ್ಲಿ ಗ್ರಾಮಫೋನ್, ಟೇಪು ಮುಂತಾದ ತಾನೇ ನುಡಿಯುವ ಯಂತ್ರಗಳನ್ನು ನಿಷೇಧಿಸಿತು. 1963ರ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಪೂಜಾವಿಧಿಯ ದಸ್ತಾವೇಜು ಪೈಪ್ ಆರ್ಗನ್ನಿಗೆ ಮನ್ನಣೆ ಕೊಟ್ಟು, ಯೋಗ್ಯವಾದ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಎರಡರ ಹಿಂದೆಯೂ ಇರುವ ಆಲೋಚನೆ ಒಂದೇ: ಸ್ತುತಿಯೆಂಬುದು ಅಲ್ಲಿ ನೆರೆದ ಮನುಷ್ಯರು ಆ ಗಳಿಗೆಯಲ್ಲಿ ಅರ್ಪಿಸುವ ಕಾಣಿಕೆ. ಹೋದ ವರ್ಷದ ಕಾಣಿಕೆಯನ್ನು ಯಾರೂ ಮತ್ತೆ ಹುಂಡಿಗೆ ಹಾಕುವುದಿಲ್ಲ. ಹಾಗಿರುವಾಗ ನಮ್ಮ ಗಾನವೃಂದಗಳಲ್ಲಿ ಎಲ್ಲ ತಾಳವನ್ನೂ ಕೀಬೋರ್ಡಿನ ಗುಂಡಿಗೆ ಬಿಟ್ಟು, ತಬಲ ಕಲಿಯಬೇಕೆಂದಿದ್ದ ಹುಡುಗನನ್ನು ಬೆಂಚಿನ ಮೇಲೆ ಕೂರಿಸುವುದು ಎಷ್ಟು ಸರಿ? ಅವನ ತಾಳ ಒಂದೆರಡು ಸಲ ತಪ್ಪಬಹುದು. ತಪ್ಪುವ ಅವಕಾಶವಿಲ್ಲದವನು ಕಲಿಯುವುದಾದರೂ ಹೇಗೆ?

ಹಾಗಾದರೆ ನಾವೇನು ಮಾಡಬಹುದು? ದೊಡ್ಡ ಕಂಪನಿಗಳನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಮನೆ, ನಮ್ಮ ಧರ್ಮಕೇಂದ್ರ ನಮ್ಮ ಕೈಯಲ್ಲಿವೆ. ನಿಮ್ಮ ಮಕ್ಕಳು ಸಂಗೀತ ತಂತ್ರಾಂಶ ಬಳಸುತ್ತಿದ್ದರೆ ಅದನ್ನು ಹಣ ಕೊಟ್ಟು ಕೊಂಡದ್ದೇ, ಕದ್ದ ಪ್ರತಿಯೇ ಎಂದು ಕೇಳಿ. ದೇವರ ಸ್ತುತಿಯನ್ನು ಕದ್ದ ಮಾಲಿನಲ್ಲಿ ಮುದ್ರಿಸುವುದು ವಿಚಿತ್ರವಾದ ಭಕ್ತಿ. ಹಣವಿಲ್ಲದಿದ್ದರೆ ಆಡಾಸಿಟಿಯಂಥ ಉಚಿತ ತಂತ್ರಾಂಶಗಳು 2000ನೇ ಇಸವಿಯಿಂದಲೇ ಲಭ್ಯವಿವೆ. ಧರ್ಮಕೇಂದ್ರದಿಂದ ಗೀತೆಗಳನ್ನು ಮುದ್ರಿಸಿ ಹೊರತರುವಾಗ ಹಾಡಿದವರ ಜೊತೆಗೆ ನುಡಿಸಿದ ಪ್ರತಿಯೊಬ್ಬರ ಹೆಸರನ್ನೂ ಬರೆಯಿರಿ. ಯಂತ್ರದ ನಾದವಾದರೆ ಯಾವ ಕಣಜದಿಂದ ಬಂತೆಂದು ಬರೆಯಿರಿ. ಮನೆಯಲ್ಲಿ ಮದುವೆ ನಿಶ್ಚಯವಾದರೆ, ಅಲಂಕಾರಕ್ಕೆ, ವಿಡಿಯೋಗೆ ತೆಗೆದಿಟ್ಟ ಹಣದಲ್ಲಿ ಒಂದು ಪಾಲನ್ನು ಊರ ಓಲಗದವರಿಗೆ, ತಮಟೆಯವರಿಗೆ ತೆಗೆದಿಡಿ. ಕರೆದ ಮೇಲೆ ಮಾತಾಡಿದ ಕೂಲಿಯನ್ನು ಆ ಸಂಜೆಯೇ ಕೊಡಿ. ಎಲ್ಲಕ್ಕಿಂತ ಮುಖ್ಯವಾಗಿ, ಬಂಧುಗಳು ಕುಳಿತ ಪಂಕ್ತಿಯಲ್ಲಿಯೇ ಅವರಿಗೂ ಎಲೆ ಹಾಕಿಸಿ.

ಮೊದಲ ಪ್ರಶ್ನೆಗೆ ಬರೋಣ: ಬೆಲೆ ಕೊಟ್ಟರೆ ಋಣ ತೀರಿತೇ? ಬೆಲೆ ತೀರುತ್ತದೆ. ಋಣವೆಂಬುದು ಮನುಷ್ಯನಿಗೆ ಸಲ್ಲಬೇಕಾದದ್ದು. ಅದನ್ನು ಸಲ್ಲಿಸಲು ಮೊದಲು ಆ ಮನುಷ್ಯ ಯಾರೆಂದು ತಿಳಿದಿರಬೇಕು. ಮುಂದಿನ ಸಲ ಚಪ್ಪರದಲ್ಲಿ ನಾದಸ್ವರ ಕೇಳಿಸಿದಾಗ ಒಮ್ಮೆ ತಲೆಯೆತ್ತಿ, ಊದುವವರು ಎಲ್ಲಿದ್ದಾರೆ ಎಂದು ಹುಡುಕಿ ನೋಡಿ. ಇದ್ದರೆ ಹತ್ತಿರ ಹೋಗಿ ಹೆಸರು ಕೇಳಿ. ಇಲ್ಲದಿದ್ದರೆ, ಆ ಮನೆಯ ಹಿರಿಯರ ಮುಂದೆ ಮೆಲ್ಲಗೆ, ಯಾರನ್ನೂ ನೋಯಿಸದೆ, ಊರಿನಲ್ಲಿ ಊದುವವರು ಈಗಲೂ ಇದ್ದಾರೆಯೇ ಎಂದೊಂದು ಮಾತು ತೆಗೆಯಿರಿ.